ಹೆಸರು ಕೊನೆಗೆ ಓದಿ: ಜಪಾನಿ ಕತ್ತಿಯನ್ನು ನೋಡುವ, ಕೊಳ್ಳುವ, ಕಾಪಾಡುವ ಕ್ರಮ

ಜಪಾನಿ ಕತ್ತಿ ಕೊಳ್ಳಲು ಹೋಗಿ ದುಡ್ಡು ಕಳೆದುಕೊಂಡವರನ್ನು ವಿಚಾರಿಸಿದರೆ ಬಹುಪಾಲು ಎರಡು ತಪ್ಪು ಹೊರಬೀಳುತ್ತವೆ. ಒಂದು, ಹಿಡಿ ಬಿಚ್ಚಿದ ಕೂಡಲೇ ಅದರೊಳಗೆ ಕೆತ್ತಿದ ಕಮ್ಮಾರನ ಹೆಸರನ್ನು ಓದಿಬಿಡುವುದು. ಹೆಸರು ದೊಡ್ಡದಾಗಿದ್ದರೆ ಆಮೇಲೆ ನೋಡಿದ್ದೆಲ್ಲ ಅದಕ್ಕೆ ತಕ್ಕ ಹಾಗೇ ಕಾಣತೊಡಗುತ್ತದೆ. ಇನ್ನೊಂದು, ಅಲಗಿನ ಮೇಲೆ ಎದ್ದು ಕಾಣುವ ಅಲೆಅಲೆ ಚಿತ್ತಾರವೇ ಮಡಚಿ ಬಡಿದ ಉಕ್ಕಿನ ಗುರುತು ಎಂದು ನಂಬುವುದು. ನಿಜವಾಗಿ ಮಡಚಿ ಬಡಿದ ಉಕ್ಕು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಜಪಾನಿನಲ್ಲಿ ಕತ್ತಿಯನ್ನು ಪರೀಕ್ಷಿಸಿ ಗುರುತಿಸುವ ವಿದ್ಯೆಗೆ ‘ಕಾಂತೆಯ್’ ಎನ್ನುತ್ತಾರೆ. ಅದರ ಅಭ್ಯಾಸದಲ್ಲಿ ಹಿಡಿಯೊಳಗಿನ ಭಾಗವನ್ನು ಮುಚ್ಚಿಯೇ ಅಲಗನ್ನು ಕೈಗೆ ಕೊಡುತ್ತಾರೆ. ಆಕಾರ, ಉಕ್ಕಿನ ಎಳೆ, ಹದದ ಗೆರೆ (ಗಡುಸು ಧಾರೆಗೂ ಮೆದು ಬೆನ್ನಿಗೂ ನಡುವಿನ ಗಡಿ), ಮೊನೆ ಇಷ್ಟನ್ನು ನೋಡಿ ಕಾಲವನ್ನೂ ಊರನ್ನೂ ಕಮ್ಮಾರನನ್ನೂ ಹೇಳಬೇಕು. ಹೆಸರು ತೋರಿಸುವುದು ಕಟ್ಟಕಡೆಗೆ. ಕೊಳ್ಳುವವರೂ ಇದೇ ಕ್ರಮ ಹಿಡಿಯಬೇಕು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಒಂದೇ ಒಂದು ಬರಿಯ ಬಲ್ಬು ಇರುವ ದೀಪ ಬೇಕು. ಗಾಜು ತಿಳಿಯಾಗಿರಬೇಕು, ಬೆಳಕು ಒಂದು ಚುಕ್ಕೆಯಿಂದ ಬರಬೇಕು. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಅಲಗು ಬರಿಯ ಕನ್ನಡಿಯಂತೆ ಕಾಣುತ್ತದೆ, ಒಳಗಿನ ಕೆಲಸ ಏನೂ ತಿಳಿಯುವುದಿಲ್ಲ. ಕೋಣೆಯ ಉಳಿದ ದೀಪ ಆರಿಸಿ, ಕಿಟಕಿಗೆ ಪರದೆ ಎಳೆಯಿರಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವಂಥದ್ದು), ಸೆಂಟಿಮೀಟರ್ ಗುರುತಿನ ಬಟ್ಟೆಯ ಟೇಪು, ಸುವಾಸನೆ ಹಾಕದ ಮೆತ್ತನೆಯ ಟಿಶ್ಯೂ ಅಥವಾ ಒಗೆದು ಮೆತ್ತಗಾದ ಹತ್ತಿ ಬಟ್ಟೆ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ತೆಳು ಖನಿಜ ಎಣ್ಣೆ, ಹಿಡಿಯ ಮೊಳೆ ತೆಗೆಯುವ ಚಿಕ್ಕ ಹಿತ್ತಾಳೆ ಸುತ್ತಿಗೆ. ಅಲಗನ್ನು ಇಡಲು ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಗೀರು ಬೀಳುವುದು ಇವುಗಳಿಂದಲೇ.

## 1. ಕೈಗೆ ಬಂದಿರುವುದು ಯಾವ ಜಾತಿಯದು?

‘ಕತಾನ’ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಬೆಲೆ ಕೇಳುವುದಕ್ಕೆ ಮೊದಲು ಇದನ್ನು ತೀರ್ಮಾನಿಸಿ.

ಮೊದಲನೆಯದು ನಿಹೊಂತೊ. ತಮಹಗಾನೆ ಎಂಬ ಉಕ್ಕಿನಿಂದ ಜಪಾನಿನಲ್ಲಿ ಸಾಂಪ್ರದಾಯಿಕವಾಗಿ ಮಾಡಿದ್ದು. ಕಬ್ಬಿಣದ ಮರಳನ್ನೂ ಇದ್ದಿಲನ್ನೂ ಮೂರು ಹಗಲು ಮೂರು ರಾತ್ರಿ ಕುಲುಮೆಯಲ್ಲಿ ಉರಿಸಿ ಈ ಉಕ್ಕು ತೆಗೆಯುತ್ತಾರೆ. ಶಿಮಾನೆ ಪ್ರಾಂತದ ಒಕುಇಝುಮೊದಲ್ಲಿ 1977ರಲ್ಲಿ ಮತ್ತೆ ಹೊತ್ತಿಸಿದ ಕುಲುಮೆಯಿಂದ ಇಂದಿನ ಕಮ್ಮಾರರಿಗೆ ಉಕ್ಕು ಹೋಗುತ್ತದೆ.

ಎರಡನೆಯದು ಯುದ್ಧಕಾಲದ ಸೈನಿಕ ಕತ್ತಿ. ಇವುಗಳಲ್ಲಿ ಹೆಚ್ಚಿನವು ಕಾರ್ಖಾನೆಯ ಉಕ್ಕಿನವು, ಎಣ್ಣೆಯಲ್ಲಿ ಹದ ಕೊಟ್ಟವು, ಹಿಡಿಯೊಳಗೆ ಸಣ್ಣ ಮುದ್ರೆ ಒತ್ತಿದವು. ನಕ್ಷತ್ರದ ಮುದ್ರೆ ಇದ್ದರೆ ಮಾತ್ರ ತಡೆದು ನೋಡಿ: ಸೇನೆಯ ಮನ್ನಣೆ ಪಡೆದ ಕಮ್ಮಾರರು ಸಾಂಪ್ರದಾಯಿಕವಾಗಿ ಮಾಡಿದ ಕತ್ತಿಗಳಿಗೆ ಅದನ್ನು ಒತ್ತುತ್ತಿದ್ದರು.

ಮೂರನೆಯದು ಇಐತೊ. ವರಸೆಯ ಅಭ್ಯಾಸಕ್ಕಾಗಿ ಸತು ಮತ್ತು ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದದ್ದು, ಧಾರೆ ಇರುವುದಿಲ್ಲ. ಅಯಸ್ಕಾಂತ ಹಿಡಿದರೆ ಅಂಟುವುದಿಲ್ಲ. ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ನಾಲ್ಕನೆಯದು ಜಪಾನಿ ಶೈಲಿಯ ಕಾರ್ಖಾನೆ ಕತ್ತಿ. ‘ಫೋಲ್ಡೆಡ್ ಸ್ಟೀಲ್’, ‘ಡಮಾಸ್ಕಸ್’ ಎಂದು ಬರೆದು ಮಾರುವುದು ಇದನ್ನೇ. ಇದನ್ನು ಇದರ ಬೆಲೆಗೆ, ಇದೆಂದು ತಿಳಿದೇ ಕೊಂಡರೆ ತಪ್ಪಿಲ್ಲ. ಹುಣಸೆಹುಳಿಯಲ್ಲಿ ನೆನೆಸಿದಂಥ ತುಕ್ಕು ಹಿಡಿಸಿ ‘ನಾನೂರು ವರ್ಷ ಹಳೆಯದು’ ಎಂದು ಹೇಳಿದಾಗಲೇ ಅನಾಹುತ.

## 2. ಒರೆಯಿಂದ ತೆಗೆಯುವುದು, ಹಿಡಿ ಬಿಚ್ಚುವುದು

ಧಾರೆ ಮೇಲೆ ಬರುವಂತೆ ಒರೆಯನ್ನು ಎಡಗೈಯಲ್ಲಿ ಕೆಳಗಿನಿಂದ ಹಿಡಿಯಿರಿ. ಬಲಗೈಯಿಂದ ಹಿಡಿಯನ್ನು ನೇರವಾಗಿ, ನಿಧಾನವಾಗಿ ಎಳೆಯಿರಿ. ಕತ್ತಿಯ ಬೆನ್ನು ಮಾತ್ರ ಒರೆಯ ಒಳಗೋಡೆಗೆ ತಾಗುತ್ತಿರಬೇಕು. ಪಕ್ಕಕ್ಕೆ ವಾಲಿಸಿದರೆ ಹೊಳಪಿನ ಮೇಲೆ ಉದ್ದ ಗೀರು ಬೀಳುತ್ತದೆ. ಧಾರೆ ಕೆಳಗಾಗಿ ಎಳೆದರೆ ಒರೆಯನ್ನೇ ಸೀಳಿ ಬೆರಳಿಗೆ ಬರುತ್ತದೆ.

ಹಿಡಿಯನ್ನು ಅಲಗಿಗೆ ಕಚ್ಚಿಸಿರುವುದು ಬಿದಿರಿನ ಒಂದೇ ಮೊಳೆ, ‘ಮೆಕುಗಿ’. ಅದರ ಒಂದು ತುದಿ ಸಣ್ಣ, ಇನ್ನೊಂದು ದಪ್ಪ. ಸಣ್ಣ ತುದಿಯ ಕಡೆಯಿಂದ ಮೆಲ್ಲಗೆ ತಟ್ಟಿ ಹೊರದೂಡಬೇಕು. ದಪ್ಪ ಕಡೆಯಿಂದ ಬಡಿದರೆ ಹಿಡಿಯ ಮರವೇ ಸೀಳುತ್ತದೆ.

ಮೊಳೆ ತೆಗೆದ ಮೇಲೆ ಎಡಗೈಯಲ್ಲಿ ಹಿಡಿಯ ಬುಡವನ್ನು ಭದ್ರವಾಗಿ ಹಿಡಿದು, ಅಲಗನ್ನು ಸ್ವಲ್ಪ ಹಿಂದಕ್ಕೆ ವಾಲುವಂತೆ ಮೇಲಕ್ಕೆ ನಿಲ್ಲಿಸಿ. ಬಲಗೈ ಮುಷ್ಟಿಯಿಂದ ಎಡಗೈಯ ಮಣಿಕಟ್ಟಿಗೆ ಹಗುರಾಗಿ ಗುದ್ದಿ. ಅದುರಿಗೆ ಅಲಗು ಸಡಿಲಾಗಿ ಒಂದಿಷ್ಟು ಮೇಲೇಳುತ್ತದೆ. ಮೊದಲ ಗುದ್ದು ತೀರ ಹಗುರಾಗಿರಲಿ, ಏಕೆಂದರೆ ಸಡಿಲಾದ ಹಿಡಿಯಿಂದ ಅಲಗು ಚಿಮ್ಮಿ ಕಾಲಮೇಲೆ ಬೀಳಬಹುದು. ಆಮೇಲೆ ಹಿಡಿಯ ಮುಂದೆ ಕೈ ಕಾಯುವ ಕೈತಟ್ಟೆ, ಅದರ ಎರಡೂ ಪಕ್ಕದ ಬಿಲ್ಲೆ, ಅಲಗಿನ ಬುಡದ ಲೋಹದ ಕೊರಳುಪಟ್ಟಿಯಾದ ‘ಹಬಾಕಿ’, ಇವನ್ನು ಬಂದ ಕ್ರಮದಲ್ಲೇ ಸಾಲಾಗಿ ಇಡಿ. ಹಿಡಿ ಬರದಿದ್ದರೆ ಕೈತಟ್ಟೆಗೆ ಕಬ್ಬಿಣದ ಸುತ್ತಿಗೆ ಹಾಕಬೇಡಿ. ಅದಕ್ಕೆಂದೇ ಮರದ ಉಪಕರಣವಿದೆ, ತಿಳಿದವರ ಹತ್ತಿರ ಒಯ್ಯಿರಿ.

ಹಿಡಿ ಕಳಚಿದ ಮೇಲೆ ಒಳಗಿನ ಭಾಗಕ್ಕೆ, ‘ನಕಾಗೊ’ ಅನ್ನುವ ಅದಕ್ಕೆ, ಒಂದು ಬಟ್ಟೆ ಸುತ್ತಿ. ಹಿಡಿದುಕೊಳ್ಳಲೂ ಆಯಿತು, ಹೆಸರು ಕಣ್ಣಿಗೆ ಬೀಳದಂತೆಯೂ ಆಯಿತು. ಹೊಳಪಿನ ಭಾಗವನ್ನು ಬೆರಳಿನಿಂದ ಮುಟ್ಟುವಂತಿಲ್ಲ, ಅಲಗಿನ ಮೇಲೆ ಬಾಗಿ ಮಾತಾಡುವಂತಿಲ್ಲ. ಬೆವರಿನ ಬೆರಳಚ್ಚು, ಎಂಜಲಿನ ಹನಿ ಬಲುಬೇಗ ತುಕ್ಕಾಗಿ ಕೂರುತ್ತವೆ.

## 3. ಆಕಾರ: ತೋಳು ಚಾಚಿ, ದೂರದಿಂದ

ಅಲಗನ್ನು ನೆಟ್ಟಗೆ ನಿಲ್ಲಿಸಿ, ತೋಳಿನಳತೆ ದೂರದಿಂದ ಇಡಿಯಾಗಿ ನೋಡಿ. ಹತ್ತಿರದಿಂದ ನೋಡುವ ಆತುರ ಈ ಹಂತದಲ್ಲಿ ಬೇಡ.

ಉದ್ದ ಅಳೆಯುವುದರಲ್ಲೇ ಅನೇಕರು ತಪ್ಪುತ್ತಾರೆ. ಮೊನೆಯ ತುದಿಯಿಂದ ಬೆನ್ನಿನ ಬುಡದಲ್ಲಿರುವ ಕಚ್ಚಿನವರೆಗೆ ನೇರ ಗೆರೆ, ಅದೇ ಅಲಗಿನ ಉದ್ದ. ಬಾಗನ್ನು ಅನುಸರಿಸಿ ಅಳೆಯಬಾರದು, ಕೈತಟ್ಟೆಯಿಂದಲೂ ಅಳೆಯಬಾರದು; ಹಬಾಕಿ ಕಚ್ಚನ್ನು ಮುಚ್ಚಿಕೊಂಡಿರುವುದರಿಂದ ಹಾಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಜಪಾನಿನ ಅಳತೆ ಶಾಕು, ಅಂದರೆ 30.3 ಸೆಂ.ಮೀ. ಒಂದು ಶಾಕುವಿಗೆ ಕಡಿಮೆ ಇದ್ದರೆ ತಾಂತೊ, ಒಂದರಿಂದ ಎರಡರವರೆಗೆ ವಾಕಿಝಾಶಿ, ಎರಡು ಶಾಕು ಅಂದರೆ 60.6 ಸೆಂ.ಮೀ. ದಾಟಿದರೆ ಕತಾನ ಅಥವಾ ತಾಚಿ (ಧಾರೆ ಕೆಳಗಾಗಿ ಸೊಂಟಕ್ಕೆ ತೂಗುಹಾಕುವ ಉದ್ದ ಕತ್ತಿ). 60 ಸೆಂ.ಮೀ. ಅಲಗನ್ನು ಕತಾನದ ಬೆಲೆಗೆ ಮಾರುವುದು ಸಾಮಾನ್ಯ. ಆ ಅರ್ಧ ಸೆಂಟಿಮೀಟರಿಗೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿದೆ.

ಬಾಗು ಎಲ್ಲಿದೆ ನೋಡಿ. ಬುಡದ ಹತ್ತಿರ ಹೆಚ್ಚು ಬಾಗಿ, ಬುಡ ಅಗಲವಾಗಿ ತುದಿ ಕಿರಿದಾಗಿ, ಮೊನೆ ಚಿಕ್ಕದಾಗಿದ್ದರೆ ಅದು ಕಾಮಕುರ ಕಾಲದ (1185–1333) ಮೊದಲರ್ಧದವರೆಗಿನ ತಾಚಿಯ ರೂಪ. ಅಗಲವಾಗಿ, ಉದ್ದ ಮೊನೆಯೊಂದಿಗೆ ಇದ್ದರೆ 14ನೇ ಶತಮಾನದ ನಾಂಬೊಕುಚೊ. ಬಾಗು ಮೊನೆಯ ಕಡೆಗೆ ಸರಿದು, ಒಂದೇ ಕೈಗೆ ಸಾಲುವಷ್ಟು ಗಿಡ್ಡ ನಕಾಗೊ ಇದ್ದರೆ ಮುರೊಮಾಚಿ ಕಾಲದ ಕೊನೆ, ಅಂದರೆ 16ನೇ ಶತಮಾನ. ಬಾಗು ತೀರ ಕಡಿಮೆ, ತುದಿಗೆ ಹೋಗುತ್ತಾ ಸಣ್ಣಗಾಗುತ್ತಾ ಪುಟ್ಟ ಮೊನೆ ಇದ್ದರೆ 1661–73ರ ಕಾಂಬುನ್ ಅವಧಿ.

ಇದರ ಉಪಯೋಗ ಹೀಗೆ. ಕಾಂಬುನ್ ಆಕಾರದ ಅಲಗಿನ ಮೇಲೆ ಕಾಮಕುರ ಕಾಲದ ಹೆಸರಿದ್ದರೆ, ಆ ಹೆಸರು ಸುಳ್ಳು. ಅದನ್ನು ಓದುವ ಮೊದಲೇ ನಿಮಗೆ ಉತ್ತರ ಸಿಕ್ಕಿರುತ್ತದೆ. ಎರಡು ತೊಡಕು ಮಾತ್ರ ನೆನಪಿರಲಿ: ಹಳೆಯ ಉದ್ದ ತಾಚಿಗಳನ್ನು ಆಮೇಲಿನವರು ಬುಡದಿಂದ ಕತ್ತರಿಸಿ ಗಿಡ್ಡ ಮಾಡಿದ್ದಾರೆ, ಆಗ ಬುಡದ ಬಾಗು ಹೋಗಿಬಿಟ್ಟಿರುತ್ತದೆ, 1780ರ ನಂತರದ ಕಮ್ಮಾರರು ಹಳೆಯ ರೂಪಗಳನ್ನು ಬೇಕೆಂದೇ ಮತ್ತೆ ಮಾಡಿದ್ದಾರೆ. ಹೊಸತು ಸಾಮಾನ್ಯವಾಗಿ ಕೈಗೆ ಭಾರ. ಶತಮಾನಗಳ ಸಾಣೆಯಲ್ಲಿ ಸವೆದ ಹಳೆಯದು ಅದೇ ಆಕಾರದಲ್ಲೂ ಹಗುರ.

ಕೊನೆಗೆ ಅಲಗನ್ನು ಬಂದೂಕಿಗೆ ಗುರಿಯಿಡುವಂತೆ ಕಣ್ಣಿನ ನೇರಕ್ಕೆ ಹಿಡಿದು ಬೆನ್ನಿನ ಗೆರೆಯನ್ನು ನೋಡಿ. ಸೊಟ್ಟವಿದ್ದರೆ ಕಾಣುತ್ತದೆ. ಪಕ್ಕದ ಏಣು ಮೊನೆಯವರೆಗೆ ಚೂಪಾಗಿ, ಒಂದೇ ನೇರಕ್ಕೆ ಹೋಗಬೇಕು. ಏಣು ಮೊಂಡಾಗಿ ಅಲೆಯುತ್ತಿದ್ದರೆ ಗೊತ್ತಿಲ್ಲದವರು ಯಂತ್ರದಲ್ಲಿ ಉಜ್ಜಿದ್ದಾರೆ ಎಂದರ್ಥ.

## 4. ಉಕ್ಕಿನ ಎಳೆ: ಮಡಚಿದ್ದು ಹೇಗೆ ಕಾಣುತ್ತದೆ

ತಮಹಗಾನೆ ಕುಲುಮೆಯಿಂದ ಬರುವಾಗ ಒಂದೇ ಸಮ ಇರುವುದಿಲ್ಲ. ಒಂದು ಚೂರಿನಲ್ಲಿ ಇಂಗಾಲ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ನಡುನಡುವೆ ಕಿಟ್ಟ. ಕಾಯಿಸಿ, ಬಡಿದು, ಉಳಿಯಿಂದ ಅರ್ಧಕ್ಕೆ ಕಚ್ಚು ಹಾಕಿ, ಮಡಚಿ, ಮತ್ತೆ ಬೆಸೆಯುವುದು ಈ ಕಿಟ್ಟ ಹೊರಹಾಕಲು ಮತ್ತು ಇಂಗಾಲವನ್ನು ಸಮವಾಗಿ ಹಂಚಲು. ಸಾಮಾನ್ಯವಾಗಿ 10ರಿಂದ 15 ಸಲ. ಪ್ರತಿ ಮಡಿಕೆಗೆ ಪದರ ಇಮ್ಮಡಿ: 10 ಸಲಕ್ಕೆ 1,024, 15 ಸಲಕ್ಕೆ 32,768. ‘ಸಾವಿರ ಸಲ ಮಡಚಿದ್ದು’ ಎಂದು ಹೇಳುವವರಿಗೆ ಪದರಕ್ಕೂ ಮಡಿಕೆಗೂ ವ್ಯತ್ಯಾಸ ಗೊತ್ತಿಲ್ಲ. ಪ್ರತಿ ಕಾಯಿಸುವಿಕೆಯಲ್ಲೂ ಇಂಗಾಲ ಸುಟ್ಟು ಹೋಗುತ್ತದೆ, ಉಕ್ಕು ಕರಗಿ ಸಿಡಿದು ಕಡಿಮೆಯಾಗುತ್ತದೆ; ಸಾವಿರ ಸಲ ಮಡಚಿದರೆ ಕೈಯಲ್ಲಿ ಏನೂ ಉಳಿಯದು.

ದೀಪದ ಕೆಳಗೆ ಅಲಗನ್ನು ನಿಮ್ಮ ಕಡೆ ಓರೆಯಾಗಿ ಹಿಡಿದು, ಹದದ ಗೆರೆಗೂ ಪಕ್ಕದ ಏಣಿಗೂ ನಡುವಿನ ಪಟ್ಟಿಯನ್ನು ನೋಡಿ. ಬೆಳಕನ್ನು ನೇರ ಕಣ್ಣಿಗೆ ಪ್ರತಿಫಲಿಸಬೇಡಿ, ಪ್ರತಿಫಲನದ ಅಂಚಿನಲ್ಲಿ ನೋಡಿ. ಚೆನ್ನಾಗಿ ಸಾಣೆ ಹಿಡಿದ ಅಲಗಾದರೆ ನಿಧಾನವಾಗಿ ಎಳೆ ತೆರೆದುಕೊಳ್ಳುತ್ತದೆ. ತೇಗದ ಹಲಗೆಯ ಮುಖದ ಮೇಲೆ ಕಾಣುವ ತೆರೆಗಳಂತಿದ್ದರೆ ಇತಾಮೆ. ಮರದ ಗಂಟಿನ ಸುತ್ತಿನಂತೆ ಉಂಗುರ ಉಂಗುರವಾಗಿದ್ದರೆ ಮೊಕುಮೆ. ಉದ್ದಕ್ಕೂ ನೇರ ಗೆರೆಯಾದರೆ ಮಸಾಮೆ, ಇದು ಯಾಮಾತೊ ಪರಂಪರೆಯ ಗುರುತು. ದೊಡ್ಡ ದೊಡ್ಡ ಅಲೆ ಒಂದೇ ಲಯದಲ್ಲಿ ಸಾಗಿದರೆ ಅಯಾಸುಗಿ, ಗಸ್ಸಾನ್ ಮನೆತನದ ಕೆಲಸ.

ಈಗ ಮೋಸದ ಗುರುತು. ಕಾರ್ಖಾನೆಯ ಕತ್ತಿಯಲ್ಲಿ ಎರಡು ಬೇರೆ ಬೇರೆ ಉಕ್ಕನ್ನು ಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದುತ್ತಾರೆ. ಒಂದು ಉಕ್ಕು ಕಪ್ಪಾಗುತ್ತದೆ, ಇನ್ನೊಂದು ಬೆಳ್ಳಗೆ ಉಳಿಯುತ್ತದೆ. ಕೋಣೆಯ ಆ ತುದಿಯಿಂದಲೇ ಚಿತ್ತಾರ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಪದರ ತಗ್ಗಾಗಿ, ಬಿಳಿ ಪದರ ದಿಣ್ಣೆಯಾಗಿ, ಆಮ್ಲ ತಿಂದ ಗುರುತು ಸ್ಪಷ್ಟ. ನಿಹೊಂತೊದ ಎಳೆ ಹೀಗೆ ಉಬ್ಬುತಗ್ಗಾಗಿರುವುದಿಲ್ಲ. ಅಲಗನ್ನು ಕೊಂಚ ತಿರುಗಿಸಿದರೆ ಮಾಯ, ಮತ್ತೆ ತಿರುಗಿಸಿದರೆ ಪ್ರತ್ಯಕ್ಷ.

ತದ್ವಿರುದ್ಧದ ತಪ್ಪೂ ಉಂಟು. ಎಳೆಯೇ ಕಾಣದ ಅಲಗು ಮಡಚದ್ದೇ ಎಂದು ಹೇಳಲಾಗದು. 19ನೇ ಶತಮಾನದ ಎಷ್ಟೋ ಕಮ್ಮಾರರು ಎಷ್ಟು ಬಿಗಿಯಾಗಿ ಬಡಿದಿದ್ದಾರೆಂದರೆ ಮೈ ನುಣುಪು ಕನ್ನಡಿ. ಅಂಥಲ್ಲಿ ತೀರ್ಮಾನವನ್ನು ಮುಂದಿನ ಹಂತಕ್ಕೆ ಬಿಡಿ.

‘ಡಮಾಸ್ಕಸ್’ ಎಂಬ ಮಾತಿನ ಬಗ್ಗೆ ಕನ್ನಡದವರು ಇನ್ನೂ ಒಂದು ಎಚ್ಚರ ವಹಿಸಬೇಕು. ನಮ್ಮ ದಕ್ಷಿಣದ ಮೂಸೆಯ ಉಕ್ಕಿನ, ಅಂದರೆ ‘ವೂಟ್ಸ್’ ಅನ್ನುವ ಉಕ್ಕಿನ ಚಿತ್ತಾರ ಮಡಚುವುದರಿಂದ ಬಂದದ್ದಲ್ಲ. ಮೂಸೆಯಲ್ಲಿ ಕರಗಿ ನಿಧಾನವಾಗಿ ಆರುವಾಗ ಗಟ್ಟಿಯೊಳಗೆ ಹುಟ್ಟಿದ ಕಣರಚನೆಯಿಂದ ಬಂದದ್ದು. ಆ ವೂಟ್ಸ್ ಎಂಬ ಹೆಸರೇ ‘ಉಕ್ಕು’ ಎಂಬ ಮಾತಿನಿಂದ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಜಪಾನಿನದು, ನಮ್ಮದು, ಕಾರ್ಖಾನೆಯದು ಮೂರೂ ಬೇರೆ. ಮೂರಕ್ಕೂ ಒಂದೇ ಹೆಸರು ಹಚ್ಚುವ ಮಾರಾಟಗಾರನ ಹತ್ತಿರ ಮುಂದಿನ ಪ್ರಶ್ನೆ ಕೇಳುವ ಅಗತ್ಯವಿಲ್ಲ.

## 5. ಹದದ ಗೆರೆ: ಬಿಳುಪನ್ನು ನಂಬಬೇಡಿ

ಹದ ಕೊಡುವ ಮೊದಲು ಕಮ್ಮಾರ ಅಲಗಿಗೆ ಮಣ್ಣು ಮೆತ್ತುತ್ತಾನೆ. ಧಾರೆಗೆ ತೆಳು, ಬೆನ್ನಿಗೆ ದಪ್ಪ. ಕೆಂಪಗೆ ಕಾದ ಅಲಗು ನೀರಿಗೆ ಬಿದ್ದಾಗ ಧಾರೆ ಥಟ್ಟನೆ ಆರಿ ಗಡುಸಾಗುತ್ತದೆ, ಬೆನ್ನು ನಿಧಾನ ಆರಿ ಮೆದುವಾಗಿ ಉಳಿಯುತ್ತದೆ. ಎರಡೂ ಕೂಡುವ ಗಡಿಯೇ ಹಾಮೊನ್. ಆ ಗಡಿಯಲ್ಲಿ ಒಂದೊಂದಾಗಿ ಕಾಣುವ ಹೊಳೆವ ಕಣಗಳು ‘ನಿಯೆ’. ಬಿಡಿಬಿಡಿಯಾಗಿ ಕಾಣದೆ ಮಂಜಿನಂತೆ ಹರಡಿದ್ದರೆ ‘ನಿಯೊಯಿ’.

ಹೊಸಬರು ಹಾಮೊನ್ ಅಂದುಕೊಳ್ಳುವುದು ಧಾರೆಯುದ್ದಕ್ಕೂ ಬೆಳ್ಳಗೆ ಕಾಣುವ ಪಟ್ಟಿಯನ್ನು. ಆ ಬಿಳುಪು ಸಾಣೆಯವರು ತೆಳುವಾದ ಕಲ್ಲಿನ ಚೂರನ್ನು ಹೆಬ್ಬೆರಳಿನ ಕೆಳಗೆ ಇಟ್ಟು ಉಜ್ಜಿ ಬರಿಸಿದ್ದು, ಅದರ ಹೆಸರು ಹಾದೊರಿ. ನಿಜವಾದ ಗೆರೆ ಆ ಬಿಳುಪಿನ ಒಳಗೆಲ್ಲೋ ಇರುತ್ತದೆ, ಅದರ ಆಕಾರವೇ ಬೇರೆ ಇರಬಹುದು.

ನೋಡುವ ರೀತಿ ಹೀಗೆ. ಅಲಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಮೊನೆಯನ್ನು ದೀಪದ ಕಡೆ ಚಾಚಿ. ಬಲ್ಬಿನ ಪ್ರತಿಬಿಂಬ ಧಾರೆಯ ಹತ್ತಿರ ಚುಕ್ಕೆಯಾಗಿ ಬೀಳುವವರೆಗೆ ತುದಿಯನ್ನು ಮೇಲೆ ಕೆಳಗೆ ಕೂದಲೆಳೆಯಷ್ಟು ಆಡಿಸಿ. ಆ ಚುಕ್ಕೆಯನ್ನಲ್ಲ, ಅದರ ಪಕ್ಕವನ್ನು ನೋಡಿ. ಬಿಳುಪು ಕರಗಿ, ಬೆಳ್ಳಿಯ ನೂಲಿನಂಥ ಪ್ರಕಾಶಮಾನ ಗೆರೆ ಹೊಳೆದುಬಿಡುತ್ತದೆ. ಮೊದಲ ಸಲ ಇದು ಸಿಕ್ಕಲು ಹತ್ತು ನಿಮಿಷ ಬೇಕಾಗಬಹುದು. ಒಮ್ಮೆ ಕಣ್ಣಿಗೆ ಸಿಕ್ಕರೆ ಮತ್ತೆ ಮರೆಯದು. ಆಮೇಲೆ ಚುಕ್ಕೆಯನ್ನು ಬುಡದಿಂದ ಮೊನೆಯವರೆಗೆ ನಿಧಾನ ಸರಿಸುತ್ತಾ ಗೆರೆ ಎಲ್ಲೂ ಕಡಿಯದೆ ಹೋಗುತ್ತಿದೆಯೇ ನೋಡಿ.

ತಂತಿ ಬ್ರಷ್ಷಿನಿಂದಲೋ ಆಮ್ಲದಿಂದಲೋ ಬರೆದ ನಕಲಿಯಲ್ಲಿ ಎಷ್ಟು ತಿರುಗಿಸಿದರೂ ಬಿಳುಪು ಬಿಳುಪೇ. ಒಳಗಿನಿಂದ ಗೆರೆ ಬೆಳಗುವುದಿಲ್ಲ, ಅಲೆ ಅಲೆಯೂ ಒಂದೇ ಅಚ್ಚಿನಲ್ಲಿ ಒತ್ತಿದಂತೆ ಸಮ. ಎಣ್ಣೆಯಲ್ಲಿ ಹದ ಕೊಟ್ಟ ಯುದ್ಧಕಾಲದ ಅಲಗಿನಲ್ಲಿ ಗೆರೆ ನಿಜವೇ ಇರುತ್ತದೆ, ಆದರೆ ನಿಯೆ ಕಾಣುವುದು ಅಪರೂಪ, ಒಳಗೆ ಬೇರೆ ಆಟವೂ ಇರುವುದಿಲ್ಲ. ಒಳ್ಳೆಯ ಅಲಗಿನಲ್ಲಿ ಗಡಿಯೊಳಗೇ ಚಿನ್ನದೆಳೆಯಂಥ ಕಿನ್ಸುಜಿ, ಗುಡಿಸಿದ ಮರಳಿನಂಥ ಸುನಾಗಾಶಿ, ಧಾರೆಯ ಕಡೆಗೆ ಇಳಿಯುವ ಸಣ್ಣ ಕಾಲುಗಳು ಕಾಣುತ್ತವೆ. ಎಳೆ ಕಾಣದ ಅಲಗಿನ ತೀರ್ಮಾನವೂ ಬಹುತೇಕ ಇಲ್ಲೇ ಆಗುತ್ತದೆ.

## 6. ಮೊನೆ ಮತ್ತು ಬಿರುಕು: ಇಲ್ಲಿ ದಾಕ್ಷಿಣ್ಯ ಬೇಡ

ಹಾಮೊನ್ ಮೊನೆಯೊಳಗೆ ಸಾಗುವ ಭಾಗ ‘ಬೋಶಿ’. ಸಾಮಾನ್ಯವಾಗಿ ಅದು ಮೊನೆಯ ಬಾಗಿನುದ್ದಕ್ಕೂ ಏರಿ ಬೆನ್ನಿನ ಕಡೆಗೆ ತಿರುಗುತ್ತದೆ. ಗೆರೆ ನಡುದಾರಿಯಲ್ಲೇ ಧಾರೆಯಿಂದ ಹೊರಗೆ ಜಾರಿಹೋದರೆ, ಮೊನೆ ಮುರಿದು ಮತ್ತೆ ತಿದ್ದಿದ್ದಾರೆ, ಗಡುಸು ಭಾಗ ಹೋಗಿದೆ ಎಂದು ತಿಳಿಯಿರಿ. ಬೋಶಿ ಇಲ್ಲದ ಅಲಗಿಗೆ ಸಂಗ್ರಹದಲ್ಲಿ ಬೆಲೆ ಇಲ್ಲವೆನ್ನುವಷ್ಟು ಕಡಿಮೆ.

ಎಲ್ಲಕ್ಕಿಂತ ಕೆಟ್ಟದ್ದು ‘ಹಾಗಿರೆ’: ಧಾರೆಯಿಂದ ನೆಟ್ಟಗೆ ಮೇಲಕ್ಕೆ ಏರುವ ಕೂದಲಿನಂಥ ಬಿರುಕು. ಎಷ್ಟು ಸಣ್ಣದೆಂದರೆ ಛಾಯಾಚಿತ್ರದಲ್ಲಿ ಬಹುತೇಕ ಕಾಣುವುದೇ ಇಲ್ಲ. ಭೂತಗನ್ನಡಿ ಹಿಡಿದು ಧಾರೆಯನ್ನು ಅಂಗುಲ ಅಂಗುಲವಾಗಿ, ಎರಡೂ ಪಕ್ಕದಿಂದ ನೋಡಿ. ಧಾರೆ ಮುಕ್ಕಾಗಿರುವ ಜಾಗದಲ್ಲಿ ಎರಡು ಸಲ ನೋಡಿ. ಬೆಳಕನ್ನು ತಿರುಗಿಸಿದಾಗ ಗೀರಾದರೆ ಬಣ್ಣ ಬದಲಾಗುತ್ತದೆ, ಬಿರುಕಾದರೆ ಕಪ್ಪು ಗೆರೆಯಾಗಿಯೇ ಉಳಿಯುತ್ತದೆ. ಸಿಕ್ಕರೆ ಅಲಗನ್ನು ಕೆಳಗಿಟ್ಟು ಧನ್ಯವಾದ ಹೇಳಿ ಎದ್ದು ಬನ್ನಿ. ಇದಕ್ಕೆ ರಿಪೇರಿ ಇಲ್ಲ.

ಉಳಿದ ಕೊರತೆಗಳಿಗೆ ಇಷ್ಟು ಕಠಿಣ ತೀರ್ಪು ಬೇಡ. ಎಳೆಯ ಉದ್ದಕ್ಕೇ ಬಾಯ್ತೆರೆದ ಬೆಸುಗೆ, ಗುಳ್ಳೆಯೆದ್ದು ಒಡೆದ ಜಾಗ, ಹಳಬರು ಉಕ್ಕಿನ ತೇಪೆ ಕೂರಿಸಿದ ಗುರುತು ಇವೆಲ್ಲ ಬೆಲೆ ಇಳಿಸುತ್ತವೆ, ಅಲಗನ್ನು ಕೊಲ್ಲುವುದಿಲ್ಲ. ಎಳೆ ಕಾಣದೆ ಮಂಕಾದ ತೇಪೆಯಂಥ ಜಾಗ ಅಲ್ಲಲ್ಲಿ ಕಂಡರೆ ಹೊರಚರ್ಮ ಸವೆದು ಒಳಗಿನ ಮೆದು ಉಕ್ಕು ಹೊರಬಂದಿದೆ. ಆ ಕತ್ತಿ ದಣಿದಿದೆ, ಇನ್ನೊಂದು ಸಾಣೆಯನ್ನು ತಡೆಯದು. ಬುಡದ ಧಾರೆಯ ಕಚ್ಚಿನಿಂದ ಓರೆಯಾಗಿ ಮೇಲಕ್ಕೆ ಏಳುವ ಮಸುಕು ನೆರಳು ‘ಮಿಝುಕಾಗೆ’. ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡ ಅಲಗಿಗೆ ಮತ್ತೆ ಹದ ಕೊಟ್ಟಿರುವ ಅನುಮಾನ ಇಲ್ಲಿಂದ ಶುರು. ಆದರೆ ಹೊರಿಕಾವಾ ಕುನಿಹಿರೊವಿನಂಥ ಕೆಲವು ಕಮ್ಮಾರರ ಮೂಲ ಕೆಲಸದಲ್ಲೂ ಅದು ಕಾಣುವುದರಿಂದ ಅದೊಂದರಿಂದಲೇ ತೀರ್ಪು ಕೊಡಬಾರದು.

## 7. ಈಗ ನಕಾಗೊ ನೋಡಿ

ಬಟ್ಟೆ ಬಿಚ್ಚಿ. ಹೆಸರಿಗೆ ಮೊದಲು ತುಕ್ಕನ್ನು ಓದಿ. ಹಳೆಯ ನಕಾಗೊದ ತುಕ್ಕು ಕಪ್ಪುಗಂದು, ನಯ, ಮೈಗೆ ಅಂಟಿದ್ದು. ಬೆರಳಿಗೆ ಪುಡಿ ಹತ್ತುವುದಿಲ್ಲ. ಕಿತ್ತಳೆ ಬಣ್ಣದ ಪುಡಿತುಕ್ಕು ಹೊಸದು, ಅಥವಾ ಬೇಕೆಂದೇ ಹಿಡಿಸಿದ್ದು. ಈ ಕಪ್ಪು ತುಕ್ಕೇ ಅಲಗಿನ ವಯಸ್ಸಿನ ಸಾಕ್ಷಿ. ಹೆಸರು ಚೆನ್ನಾಗಿ ಓದಲೆಂದು ಅದನ್ನು ತಿಕ್ಕಿ ತೆಗೆದರೆ ಅಲಗಿನ ಬೆಲೆಯ ದೊಡ್ಡ ಪಾಲನ್ನು ನಿಮ್ಮ ಕೈಯಾರೆ ತೊಳೆದಂತೆ. ಉಪ್ಪುಕಾಗದ, ಲಿಂಬೆ, ಹುಣಸೆ, ತುಕ್ಕು ತೆಗೆಯುವ ದ್ರಾವಣ ಯಾವುದನ್ನೂ ಹತ್ತಿರ ತರಬೇಡಿ.

ಕೆತ್ತಿದ ಅಕ್ಷರಗಳ ಒಳಗಿನ ತುಕ್ಕೂ ಹೊರಗಿನದೂ ಒಂದೇ ವಯಸ್ಸಿನಂತಿರಬೇಕು. ಸುತ್ತೆಲ್ಲ ಕಪ್ಪು, ಅಕ್ಷರದೊಳಗೆ ಮಾತ್ರ ಹೊಳಪು ಅಥವಾ ಹೊಸ ಕೆಂಪು ಇದ್ದರೆ ಹೆಸರು ಆಮೇಲೆ ಕೆತ್ತಿದ್ದು. ಅರದ ಗೆರೆಗಳ ದಿಕ್ಕನ್ನೂ ಗುರುತು ಮಾಡಿಕೊಳ್ಳಿ: ಅಡ್ಡ, ಓರೆ, ಗರಿಯಂತೆ. ಪ್ರತಿ ಪರಂಪರೆಗೂ ತನ್ನ ರೂಢಿ ಇದೆ. ಮೊಳೆಯ ತೂತು ಎರಡು ಮೂರು ಇದ್ದರೆ ಅಲಗನ್ನು ಗಿಡ್ಡ ಮಾಡಿರಬಹುದು. ಆದರೆ ನಕಲಿಯವರೂ ಹಳತೆಂದು ತೋರಿಸಲು ಎರಡು ತೂತು ಕೊರೆಯುತ್ತಾರೆ. ಅಂಥ ತೂತಿನ ಅಂಚು ಡ್ರಿಲ್ಲಿನ ಪಕ್ಕಾ ವೃತ್ತ.

ಮೊನೆ ಮೇಲಾಗಿ ಹಿಡಿದು, ಹೆಸರು ನಿಮ್ಮ ಕಡೆ ಮುಖ ಮಾಡಿದಾಗ ಧಾರೆ ಎಡಕ್ಕಿದ್ದರೆ ಕತಾನದ ಕೆತ್ತನೆ, ಬಲಕ್ಕಿದ್ದರೆ ತಾಚಿಯ ಕೆತ್ತನೆ. ಹಿಝೆನ್‌ನ ತಾದಾಯೊಶಿ ಮನೆತನದವರು ಕತಾನವನ್ನೂ ತಾಚಿಯ ಕಡೆಗೇ ಕೆತ್ತುತ್ತಿದ್ದರು, ಇಂಥ ಅಪವಾದ ತಿಳಿದಿರಬೇಕು.

ಇಷ್ಟಾದ ಮೇಲೆ ಹೆಸರು ಓದಿ. 17ನೇ ಶತಮಾನದ ಕೊತೆತ್ಸು, ಅದಕ್ಕೂ ಹಿಂದಿನ ಮಸಾಮುನೆ ಇಂಥವರ ಹೆಸರಿನ ಸುಳ್ಳು ಕೆತ್ತನೆಗಳು ನಿಜಕ್ಕಿಂತ ಎಷ್ಟೋ ಪಾಲು ಹೆಚ್ಚು. ನಿಮ್ಮ ನಾಲ್ಕು ಹಂತದ ತೀರ್ಮಾನಕ್ಕೂ ಹೆಸರಿಗೂ ತಾಳೆಯಾಗದಿದ್ದರೆ ಅಲಗನ್ನು ನಂಬಿ, ಹೆಸರನ್ನು ಬಿಡಿ. ಸುಳ್ಳು ಹೆಸರಿನ ಅಲಗು ಕೆಟ್ಟ ಅಲಗೇ ಆಗಬೇಕಿಲ್ಲ. ಹೆಸರಿಗೆ ಹಣ ಕೊಡದಿದ್ದರೆ ಸಾಕು.

## 8. ಕಾಗದಪತ್ರ ಮತ್ತು ಕಾನೂನು

ಜಪಾನಿನಿಂದ ಬರುವ ಕತ್ತಿಯೊಂದಿಗೆ ಎರಡು ಬಗೆಯ ಕಾಗದದ ಮಾತು ಬರುತ್ತದೆ. ಇವನ್ನು ಒಂದೆಂದು ತಿಳಿಯುವುದು ದುಬಾರಿ ತಪ್ಪು.

ತೊರೊಕುಶೊ ಬರಿಯ ನೋಂದಣಿ ಚೀಟಿ. ಪ್ರಾಂತದ ಶಿಕ್ಷಣ ಮಂಡಳಿ ಕೊಡುವಂಥದ್ದು. ಅದರಲ್ಲಿ ಉದ್ದ, ಬಾಗು, ತೂತಿನ ಸಂಖ್ಯೆ, ಕೆತ್ತಿದ ಹೆಸರು ಇರುತ್ತವೆ. ಹೆಸರು ನಿಜವೋ ಸುಳ್ಳೋ ಎಂಬುದಕ್ಕೆ ಅದು ಜವಾಬ್ದಾರಿ ಅಲ್ಲ. ಯಂತ್ರದಲ್ಲಿ ಮಾಡಿದ ಸೈನಿಕ ಕತ್ತಿಗೆ ಅಲ್ಲಿ ನೋಂದಣಿಯೇ ಸಿಗುವುದಿಲ್ಲ.

ಹೆಸರಿನ ಸಾಚಾತನಕ್ಕೆ ಬೇಕಾದ್ದು ಪರೀಕ್ಷಾ ಪ್ರಮಾಣಪತ್ರ. 1948ರಲ್ಲಿ ಹುಟ್ಟಿದ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘ ಕೊಡುವ ದರ್ಜೆಗಳು ಕೆಳಗಿನಿಂದ ಮೇಲಕ್ಕೆ: ಹೊಝೊನ್, ತೊಕುಬೆತ್ಸು ಹೊಝೊನ್, ಜೂಯೊ, ತೊಕುಬೆತ್ಸು ಜೂಯೊ. ಇದೇ ಸಂಘದ ಹಳೆಯ ‘ಕಿಚೊ’ ದರ್ಜೆಯ ಪತ್ರಗಳನ್ನು ಇಂದು ಯಾರೂ ಕಣ್ಣುಮುಚ್ಚಿ ಒಪ್ಪುವುದಿಲ್ಲ. ಪತ್ರದಲ್ಲಿ ನಕಾಗೊದ ಚಿತ್ರವಿರುತ್ತದೆ. ತೂತಿನ ಜಾಗ, ಅಕ್ಷರದ ಓರೆ, ತುಕ್ಕಿನ ಕಲೆ ಎಲ್ಲವನ್ನೂ ಎದುರಿನ ಕತ್ತಿಯ ಜೊತೆ ಇಟ್ಟು ಹೋಲಿಸಿ. ಒಂದು ಕತ್ತಿಯ ಪತ್ರವನ್ನು ಇನ್ನೊಂದಕ್ಕೆ ಕಟ್ಟಿ ಮಾರುವವರು ಇದ್ದಾರೆ.

ಕತ್ತಿಯನ್ನು ಜಪಾನಿನಿಂದ ಹೊರಗೆ ಕಳಿಸಲು ಅಲ್ಲಿನ ಸಂಸ್ಕೃತಿ ಇಲಾಖೆಯ ಅನುಮತಿಪತ್ರ ಬೇಕು, ನೋಂದಣಿ ಚೀಟಿಯನ್ನು ಹಿಂದಿರುಗಿಸಬೇಕು. ‘ಇವೆಲ್ಲ ಬೇಡ, ಪಾರ್ಸೆಲ್ ಮಾಡುತ್ತೇನೆ’ ಎನ್ನುವವನಿಂದ ಕೊಳ್ಳಬೇಡಿ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 2016ರ ನಿಯಮಗಳು ಅನ್ವಯಿಸುತ್ತವೆ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು, ಕತ್ತಿ, ಕಠಾರಿ ಐದನೇ ವರ್ಗದಲ್ಲಿ ಬರುತ್ತವೆ. ಇಟ್ಟುಕೊಳ್ಳುವ ನಿಯಮ ಪ್ರದೇಶದ ಅಧಿಸೂಚನೆಯ ಮೇಲೆ ನಿಂತಿದೆ, ಆಮದಿನ ನಿಯಮ ಬೇರೆಯೇ. ಮುಂಗಡ ಕೊಡುವ ಮೊದಲು ನಿಮ್ಮ ಪೊಲೀಸ್ ಆಯುಕ್ತರ ಅಥವಾ ಜಿಲ್ಲಾ ಕಚೇರಿಯಲ್ಲೂ ಕಸ್ಟಮ್ಸ್‌ನಲ್ಲೂ ಲಿಖಿತವಾಗಿ ಕೇಳಿ. ಇನ್ನೊಂದನ್ನು ಬಹಳ ಮಂದಿ ಯೋಚಿಸುವುದಿಲ್ಲ: 100 ವರ್ಷ ದಾಟಿದ ವಸ್ತುವನ್ನು ದೇಶದಿಂದ ಹೊರಗೆ ಕಳಿಸಲು 1972ರ ಪ್ರಾಚೀನ ವಸ್ತುಗಳ ಕಾಯಿದೆ ಅಡ್ಡ ಬರಬಹುದು. ಸಾಣೆ ಹಿಡಿಸಬೇಕಿದ್ದರೆ ಜಪಾನಿನಲ್ಲೇ ಮುಗಿಸಿ ತರಿಸಿಕೊಳ್ಳಿ. ತಂದು ಆಮೇಲೆ ಕಳಿಸೋಣ ಎಂದರೆ ಸಿಕ್ಕಿಬೀಳುತ್ತೀರಿ.

ಮೊದಲ ಖರೀದಿಗೆ ದಣಿದ, ಹೆಸರಿಲ್ಲದ ಉದ್ದ ಕತಾನಕ್ಕಿಂತ ಒಳ್ಳೆಯ ಸಾಣೆಯಲ್ಲಿರುವ, ಹೊಝೊನ್ ಪತ್ರವಿರುವ ವಾಕಿಝಾಶಿ ಎಷ್ಟೋ ಮೇಲು. ಅದರಿಂದ ಕಣ್ಣು ಕಲಿಯುತ್ತದೆ. ಅದಕ್ಕೂ ಮೊದಲು ಕೆಲವಾದರೂ ಶ್ರೇಷ್ಠ ಅಲಗು ನೋಡಿ. ಕೆಲಸದ ಮೇಲೆ ಜಪಾನಿಗೆ ಹೋಗುವವರು ಟೋಕಿಯೊದ ರ‍್ಯೋಗೊಕುವಿನ ಖಡ್ಗ ಸಂಗ್ರಹಾಲಯ, ಒಕಾಯಾಮಾ ಪ್ರಾಂತದ ಬಿಝೆನ್ ಒಸಾಫುನೆ ಸಂಗ್ರಹಾಲಯ ಬಿಡಬೇಡಿ. ಗಾಜಿನ ಪೆಟ್ಟಿಗೆಯಲ್ಲಿ ಅಲಗನ್ನು ತಿರುಗಿಸಲಾಗದು. ನೀವೇ ಮಂಡಿ ಬಗ್ಗಿಸಿ, ಎದ್ದು, ಕುಳಿತು ದೀಪದ ಪ್ರತಿಬಿಂಬವನ್ನು ಗೆರೆಯ ಮೇಲೆ ತಂದುಕೊಳ್ಳಬೇಕು.

## 9. ಮನೆಗೆ ತಂದ ಮೇಲೆ

ಹಳೆಯ ಎಣ್ಣೆಯನ್ನು ಟಿಶ್ಯೂವಿನಿಂದ ಒರೆಸಿ. ಬೆನ್ನಿನ ಕಡೆಯಿಂದ ಕಾಗದವನ್ನು ಮಡಚಿ ಹಿಡಿದು, ಬುಡದಿಂದ ಮೊನೆಗೆ, ಒಂದೇ ದಿಕ್ಕಿಗೆ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಧೂಳಿನ ಕಣ ಗೀರುತ್ತದೆ, ಕಾಗದ ಧಾರೆಗೆ ಸಿಕ್ಕಿ ಬೆರಳೂ ಸಿಗುತ್ತದೆ. ಜಿಡ್ಡು ಉಳಿದರೆ ಆಲ್ಕೊಹಾಲಿನಲ್ಲಿ ತುಸು ನೆನೆಸಿದ ಬಟ್ಟೆ. ಚಲನಚಿತ್ರದಲ್ಲಿ ತಟ್ಟುವ ಬಿಳಿ ಪುಡಿಯ ಉಂಡೆ, ‘ಉಚಿಕೊ’, ಸಾಣೆಕಲ್ಲಿನದೇ ಪುಡಿ. ಪದೇ ಪದೇ ತಟ್ಟಿದರೆ ಹೊಳಪು ಸವೆಯುತ್ತದೆ; ಅಗ್ಗದ ಪುಡಿಯಾದರೆ ಗೀರು ಖಚಿತ. ಹೊಸ ಸಾಣೆಯ ಅಲಗಿಗೆ ಅದು ಬೇಡವೇ ಬೇಡ.

ಆಮೇಲೆ ಎರಡು ಮೂರು ಹನಿ ಎಣ್ಣೆಯನ್ನು ಬಟ್ಟೆಗೆ ಹಾಕಿ, ಕಣ್ಣಿಗೆ ಕಂಡೂ ಕಾಣದಂತೆ ಸವರಿ. ಹೆಚ್ಚಾದ ಎಣ್ಣೆ ಒರೆಯೊಳಗೆ ಇಳಿದು ಧೂಳು ಹಿಡಿಯುತ್ತದೆ. ಜಪಾನಿನ ಚೋಜಿ ಎಣ್ಣೆಯ ಹೆಸರಿನ ಅರ್ಥ ಲವಂಗ. ಅದನ್ನು ಕೇಳಿ ಔಷಧಿ ಅಂಗಡಿಯ ಹಲ್ಲುನೋವಿನ ಲವಂಗದ ಎಣ್ಣೆ ಹಚ್ಚಿದವರಿದ್ದಾರೆ. ಇಂದು ಮಾರುವ ಚೋಜಿ ಎಣ್ಣೆ ಹೆಚ್ಚಾಗಿ ಖನಿಜ ಎಣ್ಣೆ, ಲವಂಗ ಬರಿಯ ಪರಿಮಳಕ್ಕೆ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಕಮಟು ಹಿಡಿದು ಉಕ್ಕನ್ನೇ ತಿನ್ನುತ್ತವೆ. ಸಿಗದಿದ್ದರೆ ಹೊಲಿಗೆ ಯಂತ್ರದ ತಿಳಿ ಎಣ್ಣೆ ಸಾಕು. ನಕಾಗೊಗೆ ಎಣ್ಣೆ ಬೇಡ.

ಹೊಸ ಸಾಣೆಯಾದರೆ ಮೊದಲ ಆರು ತಿಂಗಳು ಎರಡು ವಾರಕ್ಕೊಮ್ಮೆ ತೆಗೆದು ನೋಡಿ. ನಂತರ ಬೆಂಗಳೂರು, ಧಾರವಾಡದಂಥ ಕಡೆ ಮೂರು ತಿಂಗಳಿಗೊಮ್ಮೆ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತಪ್ಪಿಸಬಾರದು. ಧಾರೆ ಮೇಲಾಗಿ, ಮಲಗಿಸಿ, ಬಟ್ಟೆಯ ಚೀಲದಲ್ಲಿಡಿ. ಚರ್ಮದ ಚೀಲ, ಪ್ಲಾಸ್ಟಿಕ್ ಸುತ್ತು ಎರಡೂ ತೇವ ಹಿಡಿಯುತ್ತವೆ. ಬೀರುವಿನ ಮೂಲೆಯಲ್ಲಿ ಸಿಲಿಕಾ ಜೆಲ್ ಇಡಬಹುದು, ಒರೆಗೇ ತಾಗುವಂತೆ ಬೇಡ. ಅತಿ ಒಣಗಿದರೆ ಮರದ ಒರೆ ಬಿರಿಯುತ್ತದೆ.

ಆಯುಧ ಪೂಜೆಯ ದಿನ ಅರಿಶಿನ, ಕುಂಕುಮ, ಗಂಧವನ್ನು ಪೆಟ್ಟಿಗೆಗೆ ಹಚ್ಚಿ, ಹೂವನ್ನು ಒರೆಯ ಚೀಲದ ಮೇಲಿಡಿ. ಒದ್ದೆ ಕುಂಕುಮದ ಬೊಟ್ಟು ಅಲಗಿನ ಮೇಲೆ ಒಂದು ರಾತ್ರಿ ಕುಳಿತರೆ ಆ ಬೊಟ್ಟಿನದೇ ಆಕಾರದ ಕಲೆ ಉಕ್ಕಿಗೆ ಇಳಿಯುತ್ತದೆ, ಲಿಂಬೆಹಣ್ಣು ಕತ್ತರಿಸಿದರೆ ಇನ್ನೂ ಬೇಗ.

ಕೆಂಪು ತುಕ್ಕಿನ ಚುಕ್ಕೆ ಕಂಡರೆ ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಒಂದು ದಿನ ಕಳೆದು, ಬಟ್ಟೆಯಿಂದ ಒತ್ತಿ ತೆಗೆಯಿರಿ. ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಎಣ್ಣೆ ಹಚ್ಚಿ ಇಡಿ. ಚಾಕು ಮಸೆಯುವವರಿಗೂ ಪಾಲಿಶ್ ಚಕ್ರಕ್ಕೂ ಕೊಡಬೇಡಿ. ಸಾಣೆಯವರು ಒರಟು ಕಲ್ಲಿನಿಂದ ಶುರುಮಾಡಿ ಹಲವು ಕಲ್ಲು ದಾಟಿ, ಕೊನೆಗೆ ಉಗುರಿನಷ್ಟು ಕಲ್ಲಿನ ಚೂರಿನಲ್ಲಿ ಬೆರಳ ತುದಿಯಿಂದ ಮುಗಿಸುವ ಕೆಲಸ ಅದು. ಚಕ್ರದಲ್ಲಿ ಒಂದು ನಿಮಿಷ ಹಿಡಿದರೆ ಏಣು ಮೊಂಡಾಗುತ್ತದೆ, ಶಾಖಕ್ಕೆ ಧಾರೆಯ ಹದ ಇಳಿಯುತ್ತದೆ. ಹದ ಇಳಿದ ಧಾರೆಯನ್ನು ಯಾವ ಸಾಣೆಯವರೂ ಹಿಂದಕ್ಕೆ ತರಲಾರರು.